ಭುಜದೊಳಗೆ ಕ್ಯಾಮೆರಾ ಇಟ್ಟಾಗ ಕಾಣುವ ಸೀಳುಗಳು

ಎಂಆರ್‌ಐ ರಿಪೋರ್ಟಿನಲ್ಲಿ ‘ರೊಟೇಟರ್ ಕಫ್ ಟೇರ್’ ಎಂದಿದ್ದರೆ ರೋಗಿಗಳ ಮೊದಲ ಪ್ರಶ್ನೆ, ‘ಎಷ್ಟು ಹರಿದಿದೆ ಡಾಕ್ಟ್ರೇ?’ ನಾನು ಮೊದಲು ನೋಡುವುದು ಎಲ್ಲಿ ಹರಿದಿದೆ ಎಂಬುದನ್ನು.

ತೋಳಿನ ಮೂಳೆಯ ತಲೆಯನ್ನು ಸುತ್ತಿ ಹಿಡಿದಿರುವ 4 ಸ್ನಾಯುಗಳ ಟೆಂಡನ್‌ಗಳೇ (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಪಟ್ಟಿಗಳು) ರೊಟೇಟರ್ ಕಫ್. ಆಪರೇಷನ್‌ಗೆ ಬರುವವರಲ್ಲಿ ಜಾಸ್ತಿ ಹರಿದಿರುವುದು ಮೇಲ್ಗಡೆಯ ಸುಪ್ರಾಸ್ಪೈನೇಟಸ್. ಸೀಳು ದೊಡ್ಡದಾದಂತೆ ಹಿಂದಿನ ಇನ್‌ಫ್ರಾಸ್ಪೈನೇಟಸ್‌ಗೂ ಹಬ್ಬುತ್ತದೆ. ಅದರ ಕೆಳಗಿನ ಟೆರೆಸ್ ಮೈನರ್ ಹರಿಯುವುದು ಅಪರೂಪ.

ಮುಂಭಾಗದ ಸಬ್‌ಸ್ಕ್ಯಾಪ್ಯುಲಾರಿಸ್ ಕಥೆ ಬೇರೆ. ಅದರ ಮೇಲಂಚಿನ ಸಣ್ಣ ಸೀಳು ಎಂಆರ್‌ಐನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಕೀಲಿನೊಳಗೆ ಕ್ಯಾಮೆರಾ ಇಟ್ಟು ನೋಡುವ ಆರ್ತ್ರೋಸ್ಕೋಪಿಯಲ್ಲೂ ತೋಳನ್ನು ಒಳಕ್ಕೆ ತಿರುಗಿಸಿ, ಮೂಳೆಯನ್ನು ಹಿಂದಕ್ಕೆ ಒತ್ತಿ ನೋಡಿದರಷ್ಟೇ ಚೆನ್ನಾಗಿ ಸಿಗುತ್ತದೆ. ಪಕ್ಕದ ಬೈಸೆಪ್ಸ್ ಟೆಂಡನ್ ಸವೆದಿದ್ದರೆ, ಒಳಕ್ಕೆ ಜಾರಿದ್ದರೆ, ಅಲ್ಲಿ ಹುಡುಕಲೇಬೇಕು. ಹುಡುಕುವ ಸರ್ಜನ್‌ಗಳ ಲೆಕ್ಕದಲ್ಲಿ ಈ ಸೀಳು ಜಾಸ್ತಿ, ಹುಡುಕದವರ ಲೆಕ್ಕದಲ್ಲಿ ಕಡಿಮೆ. ಅಷ್ಟೇ ವ್ಯತ್ಯಾಸ!

ಹಾಗಾಗಿ ಆಪರೇಷನ್ ಅಂಕಿಅಂಶಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ನಮ್ಮ ಟೇಬಲ್ ಮೇಲೆ ಬರುವವರು ಜರಡಿ ಹಿಡಿದು ಉಳಿದವರು. ನೋವಿದೆ, ಬಲವಿಲ್ಲ, ಫಿಸಿಯೋಥೆರಪಿಯಿಂದ ಗುಣ ಸಿಕ್ಕಿಲ್ಲ. ಆಸ್ಪತ್ರೆಯ ಹೊರಗೆ ಸೀಳಿದ್ದೂ ನೋವಿಲ್ಲದೆ ಓಡಾಡುವವರು ಬಹಳ. ಒಂದು ಭುಜದಲ್ಲಿ ನೋವಿನ ಸೀಳಿರುವ, 66 ದಾಟಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇನ್ನೊಂದು ಭುಜದಲ್ಲೂ ಸೀಳಿರಬಹುದು ಎಂದು 2006ರ ಒಂದು ಅಲ್ಟ್ರಾಸೌಂಡ್ ಅಧ್ಯಯನ ತೋರಿಸಿತು. ಟೆಂಡನ್‌ನ ಪೂರ್ತಿ ದಪ್ಪ ಹರಿಯದೆ ಸ್ವಲ್ಪ ಭಾಗ ಮಾತ್ರ ಹರಿದ ಸೀಳುಗಳೂ ನಮ್ಮ ಪಟ್ಟಿಯಲ್ಲಿ ಕಡಿಮೆ ಕಾಣುತ್ತವೆ, ಏಕೆಂದರೆ ಅನೇಕರಿಗೆ ಆಪರೇಷನ್ ಬೇಕಾಗುವುದೇ ಇಲ್ಲ.

ಅಳತೆಯ ಲೆಕ್ಕ ಸುಲಭ: 1 ಸೆಂ.ಮೀ. ಒಳಗೆ ಚಿಕ್ಕದು, 3ರವರೆಗೆ ಮಧ್ಯಮ, 5ರವರೆಗೆ ದೊಡ್ಡದು, ಅದರಾಚೆ ಭಾರಿ. ಆದರೆ ಸ್ನಾಯುವಿನಲ್ಲಿ ಎಷ್ಟು ಕೊಬ್ಬು ತುಂಬಿದೆ ಎನ್ನುವುದು ನನಗೆ ಸೆಂಟಿಮೀಟರ್‌ಗಿಂತ ಮುಖ್ಯ. ಕೊಬ್ಬು ಜಾಸ್ತಿಯಾದ ಸ್ನಾಯುವಿನ ಟೆಂಡನ್ ಹೊಲಿದರೂ ಮತ್ತೆ ಹರಿಯುವ ಸಂಭವ ಹೆಚ್ಚು.

ಹೆಚ್ಚಿನ ಸೀಳುಗಳು ವಯಸ್ಸಿನ ಸವೆತದಿಂದ ಬಂದವು. ಪೆಟ್ಟಿನಿಂದ ಆಗುವ ಸೀಳಿಗೆ ಮಾತ್ರ ಕಾಯುವ ಹಾಗಿಲ್ಲ. 40 ದಾಟಿದವರ ಭುಜದ ಕೀಲು ತಪ್ಪಿ, ಅದನ್ನು ಕೂರಿಸಿದ ಮೇಲೂ ಕೈ ಎತ್ತಲು ಆಗದಿದ್ದರೆ, ನರಕ್ಕೆ ಪೆಟ್ಟಾಗಿರಬೇಕು ಎಂದು ಸುಮ್ನೆ ತಿಂಗಳುಗಟ್ಟಲೆ ಬಿಡಬಾರದು. ನರದ ಜೊತೆಗೆ ಕಫ್ ಅನ್ನೂ ಬೇಗ ಸ್ಕ್ಯಾನ್ ಮಾಡಿಸಬೇಕು. ತಡವಾದಷ್ಟೂ ಟೆಂಡನ್ ಹಿಂದಕ್ಕೆ ಸರಿಯುತ್ತದೆ, ಹೊಲಿಯುವುದು ಕಷ್ಟವಾಗುತ್ತದೆ.