ಬುದ್ಧಿವಾದವನ್ನು ವರದಿಯೆಂದು ಓದುವವರಿಗೆ

ಸಂಶೋಧನಾ ವಿದ್ಯಾರ್ಥಿಗಳ ಕರಡು ತಿದ್ದುವಾಗ ನನ್ನ ಕೆಂಪು ಶಾಯಿ ಹೆಚ್ಚು ಖರ್ಚಾಗುವುದು ಒಂದೇ ಬಗೆಯ ವಾಕ್ಯಕ್ಕೆ: ‘ಸೆಲ್ಜೂಕ್ ಸುಲ್ತಾನರು ವಾರಕ್ಕೆ ಎರಡು ದಿನ ಪ್ರಜೆಗಳ ಅಹವಾಲು ಕೇಳುತ್ತಿದ್ದರು.’ ಅದಕ್ಕೆ ಆಧಾರವೆಂದು, ಹನ್ನೊಂದನೆಯ ಶತಮಾನದಲ್ಲಿ ಇರಾನ್ ಸುತ್ತಮುತ್ತ ಆಳಿದ ಈ ತುರ್ಕಿ ಮನೆತನದ ವಜೀರ (ಮುಖ್ಯಮಂತ್ರಿ) ನಿಜಾಮ್ ಅಲ್-ಮುಲ್ಕ್ ಅರಸನಿಗೆಂದು ಬರೆದ ಉಪದೇಶಗ್ರಂಥ ‘ಸಿಯಾಸತ್‌ನಾಮಾ’ವನ್ನು ಕೊಟ್ಟಿರುತ್ತಾರೆ. ಅರಸನು ಮಧ್ಯವರ್ತಿಯಿಲ್ಲದೆ, ತನ್ನ ಕಿವಿಯಿಂದಲೇ ಕೇಳಬೇಕು ಎಂದು ಅವನು ಬರೆದದ್ದು ನಿಜ; ಕೇಳುತ್ತಿದ್ದನೆಂದು ಅಲ್ಲಿಲ್ಲ. ಸರಾಗವಾಗಿ ನಡೆಯುತ್ತಿರುವ ಕೆಲಸವನ್ನು ಮಾಡಿರೆಂದು ಯಾರೂ ಅಧ್ಯಾಯಗಟ್ಟಲೆ ಬೇಡಿಕೊಳ್ಳುವುದಿಲ್ಲ.

ತೆರಿಗೆ ವಸೂಲಿಯ ಅಧ್ಯಾಯವನ್ನೇ ನೋಡಿ. ಸಲ್ಲಬೇಕಾದಷ್ಟನ್ನೇ ಸೌಜನ್ಯದಿಂದ ಪಡೆಯಬೇಕು, ಪೈರು ಕೈಗೆ ಬರುವ ಮೊದಲೇ ರೈತನ ಬಾಗಿಲಿಗೆ ಹೋಗಬಾರದು, ಹೋದರೆ ಅವನು ಬೆಳೆಯನ್ನು ಅರ್ಧ ಬೆಲೆಗೆ ಮಾರಿ ಊರು ಬಿಡಬೇಕಾಗುತ್ತದೆ ಎಂದು ವಜೀರನು ಎಚ್ಚರಿಸುತ್ತಾನೆ. ಇಷ್ಟು ನಿಖರವಾದ ಎಚ್ಚರಿಕೆಯ ಹಿಂದೆ ಅಂಥ ವಸೂಲಿಗಾರರನ್ನು ಕಂಡ ಅನುಭವವಿದ್ದಿರಬೇಕೆಂದು ನಾನು ಊಹಿಸುತ್ತೇನೆ. ನಾಡಿನ ಆಗುಹೋಗುಗಳನ್ನು ಅರಸನಿಗೆ ಗುಟ್ಟಾಗಿ ತಿಳಿಸುವ ಸುದ್ದಿಗಾರರನ್ನು ನೇಮಿಸಬೇಕೆಂಬ ಉಪದೇಶದ ವಿಷಯದಲ್ಲಂತೂ ಊಹೆಯೇ ಬೇಡ, ಏಕೆಂದರೆ ಸುಲ್ತಾನ ಅಲ್ಪ್ ಅರ್ಸ್ಲಾನ್ ಅವರನ್ನು ಬೇಡವೆಂದದ್ದನ್ನು ಅವನೇ ದಾಖಲಿಸಿದ್ದಾನೆ: ಮಿತ್ರರು ನಂಬಿಕೆಯಿಂದ ಸುಮ್ಮನಿರುತ್ತಾರೆ, ಶತ್ರುಗಳು ಲಂಚ ಕೊಡುತ್ತಾರೆ, ಕೊನೆಗೆ ಮಿತ್ರರ ಮೇಲಿನ ಚಾಡಿಯೇ ನನ್ನ ಕಿವಿಗೆ ಬೀಳುತ್ತದೆ ಎಂಬುದು ಸುಲ್ತಾನನ ವಾದ. ನನಗೆ ಅದು ತೀರ ದಡ್ಡತನದ ಮಾತೆನಿಸುವುದಿಲ್ಲ.

ಇನ್ನು ಆ ಗ್ರಂಥದ ಕಥೆಗಳು. ಇಸ್ಲಾಮಿಗಿಂತ ಹಿಂದಿನ ಇರಾನಿನ ಅರಸ ಬಹ್ರಾಮ್ ಗೂರನು ಹೊರಗೆ ಹೋದಾಗ ಕುರಿಗಾಹಿಯೊಬ್ಬ ತನ್ನ ನಾಯಿಯನ್ನೇ ನೇಣಿಗೆ ಹಾಕಿರುತ್ತಾನೆ. ನಾಯಿ ಹೆಣ್ಣುತೋಳದೊಂದಿಗೆ ಕೂಡಿಕೊಂಡು, ಅದು ಕುರಿ ಹೊತ್ತೊಯ್ಯುವಾಗ ಮಲಗಿಬಿಡುತ್ತಿತ್ತಂತೆ. ಅರಸನಿಗೆ ತನ್ನ ವಜೀರನ ಮೇಲೆ ಅನುಮಾನ ಹುಟ್ಟುತ್ತದೆ. ಒಬ್ಬ ಜಾಣ ಹುಡುಗಿ ಇದನ್ನು ಐದನೆಯ ಶತಮಾನದ ಆಡಳಿತದ ಸಾಕ್ಷ್ಯವೆಂದು ಬಳಸಿದ್ದಳು. ‘ಅಮ್ಮಾ, ಇದನ್ನು ಹನ್ನೊಂದನೆಯ ಶತಮಾನದಲ್ಲಿ ಸೆಲ್ಜೂಕ್ ಸುಲ್ತಾನ ಮಲಿಕ್ ಷಾನ ಕಿವಿಗೆಂದು ಹೇಳಿದ್ದು’ ಎಂದು ವಿವರಿಸುವಷ್ಟರಲ್ಲಿ ನನ್ನ ಕಾಫಿ ಆರಿತ್ತು.

ಹಾಗೆಂದು ಪ್ರತಿಯೊಂದು ‘ಬೇಕು’ವನ್ನೂ ‘ಇರಲಿಲ್ಲ’ ಎಂದು ತಿರುಗಿಸುವುದೂ ತಪ್ಪು. ಸಂಪ್ರದಾಯವಾಗಿ ಪುನರಾವರ್ತನೆಯಾದ ಉಪದೇಶಗಳೂ ಇವೆ. ಬರೆದವನ ನಡೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು: ಒಬ್ಬನಿಗೆ ಎರಡು ಹುದ್ದೆ ಕೊಟ್ಟರೆ ಅರ್ಹರು ಮೂಲೆಗೆ ಬೀಳುತ್ತಾರೆಂದು ಗೊಣಗಿದ ಈ ವಜೀರನೇ ಮಕ್ಕಳನ್ನೂ ಬಂಧುಗಳನ್ನೂ ದೊಡ್ಡ ಹುದ್ದೆಗಳಲ್ಲಿ ಕೂರಿಸಿದ್ದ. 1092ರಲ್ಲಿ ಅವನ ಕೊಲೆಯಾಗುವ ಹೊತ್ತಿಗೆ ಆಸ್ಥಾನದಲ್ಲಿ ಅದರ ಬಗ್ಗೆ ಅಸಮಾಧಾನ ಬೆಳೆದಿತ್ತು. ಮುಂದಿನ ಕಾಲಕ್ಕೆ ಮಲಿಕ್ ಷಾನ ಮಗ ಸುಲ್ತಾನ ಸಂಜರನ ಕಚೇರಿಯ ನೇಮಕಪತ್ರಗಳು ಉಳಿದಿವೆ. ಅವುಗಳಲ್ಲಿಯೂ ಉಪದೇಶ ಧಾರಾಳವಾಗಿದ್ದರೂ, ಯಾರಿಗೆ ಯಾವ ಊರಿನ ಅಧಿಕಾರ ಸಿಕ್ಕಿತೆಂಬುದಾದರೂ ತಿಳಿಯುತ್ತದೆ. ಕರಡು ಕಳುಹಿಸುವ ಮೊದಲು ದಯವಿಟ್ಟು ಅವನ್ನೊಮ್ಮೆ ತೆರೆದು ನೋಡಿ.