ಮಲಗಿದರೆ ಇಳಿಯುವ ತಲೆನೋವಿಗೆ ಕುಳಿತೇ ಹೋಗಬೇಕಾದ ದಾರಿ

ತಲೆನೋವಿಗೆ ಕಾರಣ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಪಿತ್ತ, ಸೈನಸ್, ಬಿಸಿಲು, ಕನ್ನಡಕದ ನಂಬರ್, ಏನೂ ಸಿಗದಿದ್ದರೆ ಟೆನ್ಷನ್. ಬೆನ್ನಿನ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಆದರೆ ಎದ್ದು ಕೂತರೆ ಏರಿ, ಮಲಗಿದರೆ ಇಳಿಯುವ ತಲೆನೋವಿನ ಮೂಲ ಬೆನ್ನಿನಲ್ಲೇ ಇರಬಹುದು.

ಮಿದುಳು ಮತ್ತು ಬೆನ್ನುಹುರಿಯ ಸುತ್ತ ಸುಮಾರು 150 ಮಿ.ಲೀ. ದ್ರವ ಇರುತ್ತದೆ. ಬೆನ್ನುಹುರಿಯ ಹೊದಿಕೆಯಲ್ಲಿ ತೂತಾಗಿ ಅದು ಸೋರಿದರೆ, ನಿಂತಾಗ ಮಿದುಳು ಕೆಳಕ್ಕೆ ಜಗ್ಗುತ್ತದೆ. ತಲೆ ಸಿಡಿಯುತ್ತದೆ, ಕತ್ತು ಬಿಗಿಯುತ್ತದೆ, ವಾಕರಿಕೆ ಬರುತ್ತದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ.

ಇದೇನೂ ಹೊಸ ಕಾಯಿಲೆಯಲ್ಲ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಎಂಬ ಸರ್ಜನ್ ತನ್ನ ಬೆನ್ನಿಗೇ ಅರಿವಳಿಕೆ ಚುಚ್ಚಿಸಿಕೊಂಡರು. ಸಿರಿಂಜ್ ಸೂಜಿಗೆ ಸರಿಯಾಗಿ ಕೂರಲಿಲ್ಲ, ದ್ರವ ಸಾಕಷ್ಟು ಸುರಿದು ಹೋಯಿತು. ಆಮೇಲೆ ಒಂಬತ್ತು ದಿನ ಹಾಸಿಗೆ. ಮಲಗಿದರೆ ಆರಾಮ, ಎದ್ದರೆ ತಲೆನೋವು ಎಂದು ಅವರೇ ಬರೆದಿಟ್ಟರು. 1938ರಲ್ಲಿ ಶಾಲ್ಟನ್‌ಬ್ರಾಂಡ್ ಎಂಬ ಇನ್ನೊಬ್ಬ ಜರ್ಮನ್ ವೈದ್ಯರು ಸೂಜಿ ತಾಗದವರಲ್ಲೂ ಇದೇ ನೋವು ಬರುತ್ತದೆ ಎಂದರು.

ಚಿಕಿತ್ಸೆ ಸಿಕ್ಕಿದ್ದು 1960ರಲ್ಲಿ. ಬೆನ್ನಿಗೆ ಚುಚ್ಚುವಾಗ ರಕ್ತ ಬಂದವರಿಗೆ ತಲೆನೋವು ಕಡಿಮೆ ಎಂಬುದನ್ನು ಅಮೆರಿಕದ ಸರ್ಜನ್ ಜೇಮ್ಸ್ ಗಾರ್ಮ್ಲಿ ಗಮನಿಸಿದರು. ಅಲ್ಲಿಂದ ಬಂದಿದ್ದೇ ಬ್ಲಡ್ ಪ್ಯಾಚ್. ರೋಗಿಯ ತೋಳಿನಿಂದಲೇ ರಕ್ತ ತೆಗೆದು, ಆಪರೇಷನ್ ಥಿಯೇಟರಿನಲ್ಲಿ, ಹೊದಿಕೆಯ ಹೊರಗಿನ ಜಾಗಕ್ಕೆ ಬಿಡುತ್ತಾರೆ. ಗಾರ್ಮ್ಲಿ ಬಿಟ್ಟಿದ್ದು 2-3 ಮಿ.ಲೀ., ಈಗ ಸಾಮಾನ್ಯವಾಗಿ 20ರ ಆಸುಪಾಸು. ರಕ್ತ ಹೆಪ್ಪುಗಟ್ಟಿ, ಸೈಕಲ್ ಟ್ಯೂಬಿಗೆ ಪಂಚರ್ ಹಾಕಿದ ಹಾಗೆ ತೂತು ಮುಚ್ಚುತ್ತದೆ. ಕೆಲವರಿಗೆ ಟೇಬಲ್ಲಿನಿಂದ ಇಳಿಯುವ ಮೊದಲೇ ತಲೆ ಹಗುರವಾಗುತ್ತದೆ.

ನಮ್ಮಲ್ಲಿ ಇದು ಜಾಸ್ತಿ ಕಾಣುವುದು ಬೆನ್ನಿಗೆ ಅರಿವಳಿಕೆ ಚುಚ್ಚಿಸಿಕೊಂಡು ಸಿಸೇರಿಯನ್ ಆದ ಬಾಣಂತಿಯರಲ್ಲಿ. ಮಗುವಿಗೆ ಹಾಲು ಕೊಡಲು ಎದ್ದು ಕೂರುವುದೇ ಕಷ್ಟ. ದಿಂಬು ಕೊಡಬೇಡಿ, ತಲೆ ಎತ್ತಬೇಡಿ ಎಂಬ ಎಚ್ಚರಿಕೆ ಇನ್ನೂ ವಾರ್ಡುಗಳಲ್ಲಿ ಕೇಳುತ್ತದೆ. ಮಲಗಿದರೆ ನೋವು ಇಳಿಯುತ್ತದೆ ನಿಜ, ಆದರೆ ಸುಮ್ನೆ ಮಲಗಿಸಿಟ್ಟ ಮಾತ್ರಕ್ಕೆ ಅದು ಬಾರದೆ ಇರುವುದಿಲ್ಲ. ತಡೆಯುವುದು ಸಣ್ಣ, ಪೆನ್ಸಿಲ್ ಮೊನೆಯಂಥ ತುದಿಯ (ಪೆನ್ಸಿಲ್ ಪಾಯಿಂಟ್) ಸೂಜಿ. ಬಂದರೂ ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದಿದ್ದರೆ ಅರಿವಳಿಕೆ ತಜ್ಞರನ್ನು ಕೇಳಬೇಕು. ಪ್ಯಾಚ್ ಅವರ ಕೆಲಸ.

ಗೊಂದಲ ಇರುವುದು ಸೂಜಿಯೇ ಇಲ್ಲದೆ ಶುರುವಾದ ಸೋರಿಕೆಯಲ್ಲಿ. ಮೂಳೆಯ ಮೊನೆ ಚುಚ್ಚಿರಬಹುದು, ನರ ಹೊರಡುವಲ್ಲಿ ಹೊದಿಕೆ ತೆಳುವಾಗಿರಬಹುದು. ದ್ರವ ನೇರ ರಕ್ತನಾಳಕ್ಕೇ ಸೇರುವುದೂ ಉಂಟು, ಅದು ಗೊತ್ತಾಗಿದ್ದೇ 2014ರಲ್ಲಿ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿಸುವ ಔಷಧಿ) ಕೊಟ್ಟು ಮಾಡಿದ ಮಿದುಳಿನ ಎಂಆರ್‌ಐ ಸುಳಿವು ಕೊಡುತ್ತದೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಅದೂ ನಾರ್ಮಲ್. ಅಲ್ಲಿಗೆ ಫೈಲ್ ಮೈಗ್ರೇನ್ ಎಂದು ಮುಚ್ಚಿಹೋಗುತ್ತದೆ. ಮಲಗಿದರೆ ಕಡಿಮೆಯಾಗುತ್ತದಾ ಎಂದು ಕೇಳಲು ಯಾವ ಮಷಿನ್ನೂ ಬೇಡ, ಅಲ್ವಾ?

ಸೋರುವ ಜಾಗ ಹುಡುಕುವ ಮುಂದಿನ ಪರೀಕ್ಷೆಗಳು ದೊಡ್ಡ ಊರುಗಳಲ್ಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಾದರೆ ಶಿರಸಿಯವರು ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೆ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ ಹೊರಡುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು, 2022ರಲ್ಲಿ ಶಿರೂರು ಟೋಲ್ ಬಳಿ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಉರುಳಿದ ಮೇಲೆ ಇನ್ನಷ್ಟು ಜೋರಾಯಿತು. ಕೂರಲಾಗದ ರೋಗಿಯನ್ನು ತಾಸುಗಟ್ಟಲೆ ಬಸ್ಸಿನಲ್ಲಿ ಕೂರಿಸುವುದು ಮಾತ್ರ ಹಾಗೇ ಉಳಿದಿದೆ. ಹಾಗಾಗಿ ಆದಷ್ಟು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡೇ ಹೋಗುವುದು ಒಳ್ಳೆಯದು. ನೋವಿನ ರೀತಿಯೇ ಬದಲಾಗಿ, ಮಲಗಿದರೂ ಇಳಿಯದೆ ಮಂಪರು ಬಂದರೆ ಬೆಳಗಿನವರೆಗೆ ಕಾಯಬಾರದು. ತಲೆಬುರುಡೆಯೊಳಗೆ ರಕ್ತ ಸೇರಿರಬಹುದು, ಸ್ಕ್ಯಾನ್ ಆ ರಾತ್ರಿಯೇ ಆಗಬೇಕು.