ತೂಕ ಹೋಯಿತು, ಹಡಗು ಹಗುರಾಗಲಿಲ್ಲ

ನಾನು ಗೋವಾದ ವಾಸ್ಕೊದಲ್ಲಿ ಹಡಗು, ಸರಕು ಸಾಗಿಸುವ ಚಪ್ಪಟೆ ತಳದ ಬಾರ್ಜ್‌ಗಳ ನಕ್ಷೆ ಮಾಡುವವನು. ಈಚೆಗೆ ಪುಣೆ, ಮುಂಬೈಯಲ್ಲಿ ಗೇಮ್ ಮಾಡುವ, ಕತೆ ಬರೆಯುವ ನಮ್ಮ ಕನ್ನಡದ ಹುಡುಗರು ತಮ್ಮ ಕಲ್ಪನೆಯ ಬಾಹ್ಯಾಕಾಶ ಅದಿರು ಹಡಗಿನ ಚಿತ್ರ ಕಳಿಸುತ್ತಾರೆ. ಚಿತ್ರಗಳು ನಿಜಕ್ಕೂ ಚೆನ್ನಾಗಿರುತ್ತವೆ. ತಪ್ಪು ಮಾತ್ರ ಒಂದೇ. ಒಂದು ಲಕ್ಷ ಟನ್ ಅದಿರು, ಅದನ್ನು ಹಿಡಿಯಲು ಸಪೂರ ಕಂಬಿ. ಕೇಳಿದರೆ, "ಸರ್, ಅಲ್ಲಿ ತೂಕವೇ ಇಲ್ಲ ಅಲ್ವಾ?"

ತೂಕ ಇಲ್ಲ, ಒಪ್ಪಿದೆ. ದ್ರವ್ಯರಾಶಿ, ಅಂದರೆ ಅದರಲ್ಲಿರುವ ವಸ್ತುವಿನ ಪ್ರಮಾಣ, ಎಲ್ಲಿಗೂ ಹೋಗಿಲ್ಲವಲ್ಲ!

ಪುಣೆಯ ಒಬ್ಬ ಹುಡುಗನನ್ನು ಜುವಾರಿ ನದಿ ದಡದ ಜೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಅದಿರು ತುಂಬಿದ ಬಾರ್ಜ್ ನಿಧಾನಕ್ಕೆ ಬರುತ್ತಿತ್ತು. ಅದರ ತೂಕವನ್ನೆಲ್ಲ ನೀರು ಹೊತ್ತಿದೆ. ಗಾಳಿ, ಸೆಳೆತ ಇಲ್ಲದಾಗ ಒಬ್ಬನೇ ಮನುಷ್ಯ ಸುಮ್ನೆ ಒತ್ತುತ್ತಾ ನಿಂತರೆ ಅದು ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಆದರೆ ಬರುತ್ತಿರುವುದನ್ನು ನಿಲ್ಲಿಸಿ ನೋಡಿ! 2,000 ಟನ್ ಬಾರ್ಜ್ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಬಂದು 10 ಸೆಂಟಿಮೀಟರ್ ಒಳಗೆ ನಿಲ್ಲಬೇಕಾದರೆ ಸುಮಾರು 250 ಟನ್ ಭಾರದಷ್ಟು ಬಲ ಬೇಕು. ನಡುವೆ ಯಾರದಾದರೂ ಕೈ ಸಿಕ್ಕರೆ ಕೈ ಹೋಯಿತು. ಬಾಹ್ಯಾಕಾಶದಲ್ಲೂ ಇದೇ ಲೆಕ್ಕ, ಅಲ್ಲಿ ನೀರಿನ ತಡೆಯೂ ಇಲ್ಲ.

ಎಂಜಿನ್ ಭೂಮಿಯ ಎಳೆತದ ನೂರರಲ್ಲಿ ಒಂದು ಪಾಲಿನಷ್ಟು ಮೆಲ್ಲಗೆ ನೂಕಿತು ಅನ್ನಿ. ಲಕ್ಷ ಟನ್ ಸರಕು ಹಿಂಬದಿಯ ಗೋಡೆಗೆ 1,000 ಟನ್ ಭಾರದಂತೆ ಒತ್ತುತ್ತದೆ. ಎಂಜಿನ್ ನಿಂತ ಕೂಡಲೇ ಆ ಒತ್ತಡ ಇಲ್ಲ, ಸರಕು ಸಡಿಲವಾಗುತ್ತದೆ. ವೇಗ ಇಳಿಸಲು ಮೂತಿಯ ಕಡೆ ಇನ್ನೊಂದು ಎಂಜಿನ್ ಇಟ್ಟಿದ್ದರೆ, ಈಗ ಸರಕೆಲ್ಲ ಮುಂದಿನ ಗೋಡೆಗೆ ಬಂದು ಬಡಿಯುತ್ತದೆ. ಹಾಗಾಗಿ ಎರಡೂ ತುದಿ ಗಟ್ಟಿ ಇರಬೇಕು, ಇಲ್ಲವೇ ಹಡಗನ್ನೇ ತಿರುಗಿಸಿ ಅದೇ ಎಂಜಿನ್ನಿನಿಂದ ನಿಲ್ಲಿಸಬೇಕು. ತಿರುಗುವಾಗಲೂ ಸಡಿಲ ಸರಕು ಸರಿಯುತ್ತದೆ ಅನ್ನುವುದು ಮರೆಯಬೇಡಿ.

ಎಂಜಿನ್ ನನ್ನ ಕ್ಷೇತ್ರವಲ್ಲ, ಜಾಸ್ತಿ ಹೇಳುವುದಿಲ್ಲ. ಆದರೆ ರಷ್ಯದ ವಿಜ್ಞಾನಿ ತ್ಸಿಯೊಲ್ಕೊವ್‌ಸ್ಕಿ 1903ರಲ್ಲಿ ಪ್ರಕಟಿಸಿದ, ರಾಕೆಟ್ಟಿಗೆ ಎಷ್ಟು ಇಂಧನ ಬೇಕೆಂದು ಹೇಳುವ ಸೂತ್ರವನ್ನು ಒಮ್ಮೆ ಹಾಕಿ ನೋಡಿ. ಹೈಡ್ರೋಜನ್-ಆಕ್ಸಿಜನ್ ಎಂಜಿನ್ನಿನ ಅನಿಲ ಸೆಕೆಂಡಿಗೆ ಸುಮಾರು 4.5 ಕಿಲೋಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಹಡಗಿನ ವೇಗವನ್ನು ಸೆಕೆಂಡಿಗೆ 9 ಕಿಲೋಮೀಟರ್ ಬದಲಿಸಲು, ಸರಕು ಮತ್ತು ಹಡಗಿನ ಮೈ ಸೇರಿ ಪ್ರತಿ ಟನ್ನಿಗೆ ಸುಮಾರು 6.4 ಟನ್ ಇಂಧನ ಬೇಕು.

ಸರಕು ಸರಿಯುವುದನ್ನು ನಮ್ಮ ಕರಾವಳಿ ಕಣ್ಣಾರೆ ಕಂಡಿದೆ. 2009ರ ಜುಲೈನಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬಿದ್ದ ಏಷ್ಯನ್ ಫಾರೆಸ್ಟ್ ಹಡಗು ಮಂಗಳೂರಿನ ಆಚೆ ವಾಲಿ ಮುಳುಗಿತು. ಒದ್ದೆ ಪುಡಿ ಅಲೆಯ ಕುಲುಕಾಟಕ್ಕೆ ಕೆಸರಾಗುತ್ತದೆ, ಒಂದು ಬದಿಗೆ ಹೋದರೆ ವಾಪಸ್ ಬರುವುದಿಲ್ಲ. ಬಾಹ್ಯಾಕಾಶದಲ್ಲಿ ಒಣ ಪುಡಿಯೂ ಕಷ್ಟ ಕೊಡುತ್ತದೆ. 2020ರ ಅಕ್ಟೋಬರ್‌ನಲ್ಲಿ ನಾಸಾದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣು ಬಾಚಿದಾಗ, ಮುಚ್ಚಳಕ್ಕೆ ಕಲ್ಲು ಸಿಕ್ಕಿಕೊಂಡು ಮಣ್ಣು ಹೊರಗೆ ತೇಲಿಹೋಗುತ್ತಿತ್ತು.

ಆ ಹುಡುಗ ಮೊನ್ನೆ ಹೊಸ ಚಿತ್ರ ಕಳಿಸಿದ್ದಾನೆ. ಸರಕಿನ ಕೋಣೆಯನ್ನು ಸಣ್ಣ ಸಣ್ಣದಾಗಿ ಒಡೆದಿದ್ದಾನೆ, ಅದಿರನ್ನು ಅದುಮಿ ಹಿಡಿಯಲು ಗಾಳಿಚೀಲ ಇಟ್ಟಿದ್ದಾನೆ. ನೋಡಿ ತುಂಬಾ ಖುಷಿಯಾಯಿತು. ಮುಚ್ಚಳದ ಅಂಚಿಗೆ ಕಲ್ಲು ಸಿಕ್ಕಿಕೊಂಡರೆ ಏನು ಮಾಡುತ್ತೀಯ ಅಂತ ಬರೆದು ವಾಪಸ್ ಕಳಿಸಿದ್ದೇನೆ.